ಪ್ರಶ್ನೋತ್ತರ: ರಾಜ್ಯಶಾಸ್ತ್ರದ ಪಾಠಕ್ಕೆ ಅಂತರ್ಜಾಲದಲ್ಲಿ ಏನು ಸಿಗುತ್ತದೆ?

ಪ್ರಶ್ನೆ (ಪ್ರೌಢಶಾಲಾ ಶಿಕ್ಷಕಿ, ಹಾವೇರಿ ಜಿಲ್ಲೆ):
ಸರ್, ಒಂಬತ್ತು ಮತ್ತು ಹತ್ತನೇ ತರಗತಿಗೆ ಸಮಾಜ ವಿಜ್ಞಾನ ತಗೊಳ್ತೀನಿ. ಇತಿಹಾಸಕ್ಕೆ ಕಥೆ ಇದೆ, ಭೂಗೋಳಕ್ಕೆ ನಕ್ಷೆ ಇದೆ. ರಾಜ್ಯಶಾಸ್ತ್ರ ಬಂತೆಂದರೆ ಮಕ್ಕಳು ಆಕಳಿಸ್ತಾರೆ. ಯೂಟ್ಯೂಬ್‌ನಲ್ಲಿ ಹುಡುಕಿದರೆ ಒಂದೋ ಕೆಎಎಸ್ ಕೋಚಿಂಗ್‌ನವರ ಎರಡು ಗಂಟೆಯ ಉಪನ್ಯಾಸ, ಇಲ್ಲಾ ಅಮೆರಿಕದ ಕಾರ್ಟೂನು. ಶಾಲೆಯಲ್ಲಿ ಒಂದೇ ಪ್ರೊಜೆಕ್ಟರ್, ಮಳೆ ಬಂದರೆ ನೆಟ್‌ವರ್ಕ್ ಮಾಯ. ನಂಬಬಹುದಾದ್ದು, ಸಾಧ್ಯವಾದರೆ ಕನ್ನಡದಲ್ಲಿರೋದು ಏನಾದರೂ ಇದೆಯಾ?

ಉತ್ತರ (ಪಿಯು ರಾಜ್ಯಶಾಸ್ತ್ರ ಉಪನ್ಯಾಸಕ):
ಮೇಡಂ, ಲಿಂಕುಗಳ ಪಟ್ಟಿ ಕೊಡಲ್ಲ. ಅಂಥ ಪಟ್ಟಿ ಈ ಗುಂಪಲ್ಲೇ ಎಷ್ಟು ಸಲ ಬಂದಿದೆ, ಯಾರು ತೆರೆದು ನೋಡಿದ್ದೀವಿ? ನಾನಂತೂ ಇಲ್ಲ.

ನಿಮ್ಮೂರಿನ ಪಂಚಾಯಿತಿಯಿಂದ ಶುರು ಮಾಡಿ. ಕೇಂದ್ರದ ಇ-ಗ್ರಾಮಸ್ವರಾಜ್ ತಾಣದಲ್ಲಿ ರಾಜ್ಯ, ಜಿಲ್ಲೆ, ತಾಲ್ಲೂಕು ಅಂತ ಇಳಿಯುತ್ತಾ ಹೋದರೆ ನಿಮ್ಮ ಗ್ರಾಮ ಪಂಚಾಯಿತಿಯ ವಾರ್ಷಿಕ ಯೋಜನೆ, ಬಂದ ಹಣ, ಖರ್ಚಾದ ಹಣ ಕಾಣುತ್ತದೆ. ಪುಟ ಚೆಂದ ಇಲ್ಲ, ನಿಧಾನ, ಕಾಮಗಾರಿಗಳ ಹೆಸರು ಇಂಗ್ಲಿಷ್ ಲಿಪಿಯ ಕಂಗ್ಲಿಷು. ಆದರೂ 'ಸ್ಥಳೀಯ ಸರ್ಕಾರ' ಪಾಠಕ್ಕೆ ಇದರಷ್ಟು ಕೆಲಸ ಮಾಡಿದ್ದು ನನಗೆ ಬೇರೆ ಸಿಕ್ಕಿಲ್ಲ. ಪಂಚಾಯಿತಿಗಳಿಗೆ ಸಂವಿಧಾನದಲ್ಲಿ ಜಾಗ ಕೊಟ್ಟ 73ನೇ ತಿದ್ದುಪಡಿ ಎಂದಾಗ ತಲೆ ಎತ್ತದ ಹುಡುಗ 'ನಮ್ಮ ಓಣಿ ಚರಂಡಿ' ಎಂದು ಪರದೆ ಮೇಲೆ ಬಂದಾಗ ಎದ್ದೇ ನಿಂತಿದ್ದ. ಆ ಚರಂಡಿ ಎಲ್ಲಿದೆ ಅಂತ ಮಾರನೇ ದಿನ ಹುಡುಕಿಕೊಂಡೂ ಹೋದರು. (ಸಿಕ್ಕಿತು. ಅರ್ಧ.) ಅಲ್ಲಿಂದ ಮಕ್ಕಳ ಗ್ರಾಮ ಸಭೆಗೆ, ಅಂದರೆ ಮಕ್ಕಳು ಪಂಚಾಯಿತಿಯವರ ಮುಂದೆ ತಮ್ಮ ಬೇಡಿಕೆ ಇಡುವ ಸಭೆಗೆ, ದಾರಿ ಸಲೀಸು. ಬರೀ 'ಆಟದ ಮೈದಾನ ಬೇಕು' ಅನ್ನೋ ಬದಲು, ಈ ವರ್ಷದ ಯೋಜನೆಯಲ್ಲಿ ಶಾಲೆಗೆ ಏನಿಟ್ಟಿದ್ದೀರಿ ಅಂತ ಕೇಳೋಕೆ ಬರುತ್ತದೆ.

ಎರಡನೆಯದು ಸಂವಿಧಾನ ಸಭೆಯ ಚರ್ಚೆಗಳು. 1946ರ ಡಿಸೆಂಬರ್ 9ರಿಂದ ನಡೆದದ್ದೆಲ್ಲ ಅಕ್ಷರಶಃ ದಾಖಲಾಗಿದೆ. ಬೆಂಗಳೂರಿನ ಸೆಂಟರ್ ಫಾರ್ ಲಾ ಅಂಡ್ ಪಾಲಿಸಿ ರಿಸರ್ಚ್ ನಡೆಸುವ ತಾಣದಲ್ಲಿ ಸದಸ್ಯರ ಹೆಸರು, ದಿನಾಂಕ ಹಾಕಿ ಹುಡುಕಬಹುದು. ಇಂಗ್ಲಿಷಿನಲ್ಲಿದೆ, ಹಾಗಾಗಿ ನೀವೇ ಮೊದಲು ಓದಿ ಅರ್ಧ ಪುಟ ಕನ್ನಡ ಮಾಡಿಕೊಳ್ಳಬೇಕು. ಕೆಂಗಲ್ ಹನುಮಂತಯ್ಯನವರಿಂದ ಶುರು ಮಾಡಿ. ಮಕ್ಕಳಿಗೆ ಅವರು ವಿಧಾನಸೌಧ ಕಟ್ಟಿಸಿದವರಾಗಿ ಮಾತ್ರ ಗೊತ್ತು. 1949ರ ನವೆಂಬರ್‌ನಲ್ಲಿ, ಕರಡು ಇನ್ನೇನು ಅಂಗೀಕಾರವಾಗಬೇಕು ಅನ್ನುವಾಗ, ನಾವು ಬಯಸಿದ್ದು ವೀಣೆಯದೋ ಸಿತಾರಿನದೋ ಸಂಗೀತ, ಇಲ್ಲಿ ಕೇಳುತ್ತಿರುವುದು ಇಂಗ್ಲಿಷ್ ಬ್ಯಾಂಡಿನ ಸಂಗೀತ ಎಂದು ಸಭೆಯಲ್ಲೇ ಹೇಳಿದವರು ಅವರು. ಅಂದರೆ ಸಂವಿಧಾನ ಬರೆಯಲು ಕೂತವರೇ ಅದರ ಬಗ್ಗೆ ಗೊಣಗಿದ್ದರು! 2023ರಿಂದ ಶಾಲೆಗಳಲ್ಲಿ ಪೀಠಿಕೆ ಓದಿಸುತ್ತಿದ್ದೇವೆ, ಮಕ್ಕಳಿಗೆ ಅದು ಪ್ರಾರ್ಥನೆಯಂತೆ ಬಾಯಿಗೆ ಬಂದಿದೆ. ಅದರ ಹಿಂದೆ ಇಷ್ಟು ಜಗಳ ಇತ್ತು ಅಂತ ಗೊತ್ತಾದ ದಿನ ಅವರ ಪ್ರಶ್ನೆಗಳೇ ಬೇರೆ.

ಸಂವಿಧಾನದ ಕನ್ನಡ ಪಠ್ಯ ಕೇಂದ್ರ ಸರ್ಕಾರದ ಶಾಸಕಾಂಗ ಇಲಾಖೆಯ ತಾಣದಲ್ಲಿ ಪಿಡಿಎಫ್ ಆಗಿ ಸಿಗುತ್ತದೆ, ಒಮ್ಮೆ ಇಳಿಸಿಟ್ಟುಕೊಳ್ಳಿ. ಭಾಷೆ ಗಡುಸು. ನಮ್ಮ 1993ರ ಪಂಚಾಯತ್ ರಾಜ್ ಕಾಯ್ದೆ ಬೇಕಾದರೆ ರಾಜ್ಯದ ಸಂಸದೀಯ ವ್ಯವಹಾರಗಳ ಇಲಾಖೆಯ ತಾಣ ನೋಡಿ. ನೆಟ್‌ವರ್ಕ್ ವಿಷಯಕ್ಕೆ ಒಂದೇ ಮಾತು: ತರಗತಿಯಲ್ಲಿ ಯಾವುದನ್ನೂ ಲೈವ್ ತೆರೆಯಬೇಡಿ. ಹಿಂದಿನ ರಾತ್ರಿ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ತಿರುಗುವ ಚಕ್ರ ನೋಡುತ್ತಾ ನಲವತ್ತು ಮಕ್ಕಳ ಮುಂದೆ ಹತ್ತು ನಿಮಿಷ ನಿಂತವನ ಮಾತಿದು.

ಪ್ರಶ್ನೆ (ಪಿಯು ಉಪನ್ಯಾಸಕ, ಶಿವಮೊಗ್ಗ):
ರಾಜ್ಯ ಸರ್ಕಾರವನ್ನು ವಜಾ ಮಾಡಿ ಕೇಂದ್ರದ ಆಳ್ವಿಕೆ ತರೋ 356ನೇ ವಿಧಿ ಎಷ್ಟು ಸಲ ಹೇಳಿದರೂ ಹುಡುಗರು 'ರಾಷ್ಟ್ರಪತಿ ಆಳ್ವಿಕೆ' ಅಂತ ಎರಡು ಪದ ಬರೆದು ಕೈ ತೊಳೀತಾರೆ. ಬೊಮ್ಮಾಯಿ ಪ್ರಕರಣದ ಸುಪ್ರೀಂ ಕೋರ್ಟ್ ತೀರ್ಪು ಓದಿಸೋಣ ಅಂದ್ರೆ ನೂರಾರು ಪುಟ.

ಉತ್ತರ:
ತೀರ್ಪು ಓದಿಸಬೇಡಿ, ಅದರ ಹಿಂದಿನ ನಾಲ್ಕು ದಿನ ಓದಿಸಿ. ಕೋರ್ಟ್ ತೀರ್ಪುಗಳಿರುವ ಇಂಡಿಯನ್ ಕಾನೂನ್ ತಾಣದಲ್ಲಿ ಬೊಮ್ಮಾಯಿ ಪ್ರಕರಣ ಉಚಿತವಾಗಿ ಸಿಗುತ್ತದೆ, ಕರ್ನಾಟಕದ ಘಟನಾವಳಿ ಇರುವ ಪುಟಗಳನ್ನಷ್ಟೇ ತೆಗೆದುಕೊಳ್ಳಿ. 1989ರ ಏಪ್ರಿಲ್‌ನಲ್ಲಿ 19 ಶಾಸಕರು ಬೆಂಬಲ ಹಿಂತೆಗೆದರು ಎಂಬ ಪತ್ರಗಳು ರಾಜ್ಯಪಾಲರ ಕೈಗೆ ಹೋದವು. ಅವರಲ್ಲಿ 7 ಜನ, ನಮ್ಮ ಸಹಿಯನ್ನು ತಪ್ಪು ಹೇಳಿ ಪಡೆದರು ಎಂದು ವಾಪಸ್ ಬಂದರು. ಸದನ ಕರೆಯಿರಿ, ಬಹುಮತ ತೋರಿಸುತ್ತೇನೆ ಎಂದರು ಆಗಿನ ಮುಖ್ಯಮಂತ್ರಿ ಎಸ್. ಆರ್. ಬೊಮ್ಮಾಯಿ. ಅವಕಾಶ ಸಿಗಲಿಲ್ಲ, ಏಪ್ರಿಲ್ 21ಕ್ಕೆ ಸರ್ಕಾರ ವಜಾ.

ಇಲ್ಲಿಗೆ ನಿಲ್ಲಿಸಿ. 'ನೀವು ರಾಜ್ಯಪಾಲರಾಗಿದ್ದರೆ?' ಅಂತ ಒಂದು ಪಿರಿಯಡ್ ಪೂರ್ತಿ ಬಿಡಿ, ಕಿತ್ತಾಡಲಿ. ಆಮೇಲೆ 1994ರ ಮಾರ್ಚ್ 11ರ ತೀರ್ಪು ಹೇಳಿ: ಒಂಬತ್ತು ನ್ಯಾಯಾಧೀಶರ ಪೀಠ, ಬಹುಮತದ ಪರೀಕ್ಷೆ ಆಗಬೇಕಾದ್ದು ಸದನದಲ್ಲಿ, ರಾಜಭವನದಲ್ಲಿ ಅಲ್ಲ. ಬೊಮ್ಮಾಯಿಯವರಿಗೆ ಕುರ್ಚಿ ವಾಪಸ್ ಬರಲಿಲ್ಲ, ಅಷ್ಟರಲ್ಲಿ ಐದು ವರ್ಷ ಕಳೆದಿತ್ತು. 'ಹಾಗಾದ್ರೆ ಗೆದ್ದು ಏನು ಬಂತು ಸರ್?' ಅಂತ ಒಬ್ಬಳು ಕೇಳೇ ಕೇಳ್ತಾಳೆ. ಆ ಪ್ರಶ್ನೆಗೆ ಉತ್ತರ ಸಿದ್ಧ ಮಾಡಿಕೊಂಡು ಹೋಗಿ, ಪಾಠ ಇರುವುದೇ ಅಲ್ಲಿ.

ಪ್ರಶ್ನೆ (ಶಿಕ್ಷಕಿ, ಹಾವೇರಿ ಜಿಲ್ಲೆ):
ಚುನಾವಣೆ ಪಾಠಕ್ಕೆ ಅಭ್ಯರ್ಥಿಗಳು ತಮ್ಮ ಆಸ್ತಿ, ಕ್ರಿಮಿನಲ್ ಪ್ರಕರಣ ಬರೆದುಕೊಡೋ ಅಫಿಡವಿಟ್ ತೋರಿಸೋಣ ಅನ್ನಿಸ್ತು. ಆದರೆ ಶಾಲಾಭಿವೃದ್ಧಿ ಸಮಿತಿ (ಎಸ್‌ಡಿಎಂಸಿ)ಯವರು 'ಮೇಡಂ ರಾಜಕೀಯ ಮಾಡ್ತಾರೆ' ಅಂದರೆ?

ಉತ್ತರ:
ಅಂದೇ ಅಂತಾರೆ. ನಾನು ಮೂರು ಕಟ್ಟು ಹಾಕಿಕೊಂಡಿದ್ದೇನೆ. ನಮ್ಮ ಕ್ಷೇತ್ರ ಬೇಡ, ದೂರದ್ದೊಂದು ಇರಲಿ. ಚುನಾವಣೆ ಹತ್ತಿರವಿದ್ದಾಗ ಬೇಡವೇ ಬೇಡ. ತೋರಿಸಿದರೆ ಆ ಕ್ಷೇತ್ರದ ಎಲ್ಲ ಅಭ್ಯರ್ಥಿಗಳದ್ದೂ, ಪಕ್ಷೇತರರದ್ದೂ ಸೇರಿಸಿ. ಹೆಸರು, ಪಕ್ಷ ಮುಚ್ಚಿ ಎ, ಬಿ, ಸಿ ಎಂದಿಟ್ಟರೆ ಇನ್ನೂ ಒಳ್ಳೆಯದು. ಚುನಾವಣಾ ಆಯೋಗದ ತಾಣದಲ್ಲಿ ಮೂಲ ಪ್ರತಿಯ ಸ್ಕ್ಯಾನ್ ಇರುತ್ತದೆ, ಕೆಲವು ಕೈಬರಹ ದೇವರಿಗೇ ಪ್ರೀತಿ. ಅಸೋಸಿಯೇಷನ್ ಫಾರ್ ಡೆಮಾಕ್ರಟಿಕ್ ರಿಫಾರ್ಮ್ಸ್‌ನ ಮೈನೇತಾ ತಾಣದಲ್ಲಿ ಅದನ್ನೇ ಕೋಷ್ಟಕ ಮಾಡಿಟ್ಟಿದ್ದಾರೆ. ಇದೇ ಸಂಸ್ಥೆಯ ಮೊಕದ್ದಮೆಯಲ್ಲಿ 2002ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನಿಂದಲೇ ನಮಗೆ ಈ ಮಾಹಿತಿ ನೋಡುವ ಹಕ್ಕು ಬಂದದ್ದು, ಅದನ್ನೂ ಹೇಳಿ. ಪ್ರಕರಣ ಇದೆ ಎಂದ ಮಾತ್ರಕ್ಕೆ ಅಪರಾಧಿ ಅಲ್ಲ ಅನ್ನೋದನ್ನ ಮೊದಲೇ ಬೋರ್ಡ್ ಮೇಲೆ ಬರೆದುಬಿಡಿ.

ಪ್ರಶ್ನೆ (ಬಿ.ಎಡ್. ವಿದ್ಯಾರ್ಥಿ, ಕಲಬುರಗಿ):
ಸರ್ಕಾರ ಹೇಗೆ ನಡೆಯುತ್ತೆ ಅಂತ ಕಲಿಸೋ ಅಮೆರಿಕದ ಐಸಿವಿಕ್ಸ್ ಆನ್‌ಲೈನ್ ಆಟಗಳು ಚೆನ್ನಾಗಿವೆಯಲ್ಲ ಸರ್? ಚಾಟ್‌ಬಾಟ್ ಹತ್ರ ಟಿಪ್ಪಣಿ ಮಾಡಿಸಬಹುದಾ?

ಉತ್ತರ:
ಆಟಗಳು ನಿಜಕ್ಕೂ ಚೆನ್ನಾಗಿವೆ. ಅಲ್ಲಿನ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಯಾಗಿದ್ದ ಸಾಂಡ್ರಾ ಡೇ ಓಕಾನರ್ 2009ರಲ್ಲಿ ಶುರು ಮಾಡಿದ್ದು. ಆದರೆ ಅದು ಅವರ ಮಕ್ಕಳಿಗೆ ಅವರ ಸರ್ಕಾರ ಕಲಿಸಲು. ನಮ್ಮ ಹುಡುಗರು ಅದನ್ನಾಡಿ ಬಂದು ರಾಷ್ಟ್ರಪತಿಯೇ ದೇಶ ಆಳುವುದು ಅಂತ ಪರೀಕ್ಷೆಯಲ್ಲಿ ಬರೆದರೆ ತಪ್ಪು ಯಾರದು? ಹೇಗೆ ಆಟ ಕಟ್ಟಿದ್ದಾರೆ ಅಂತ ನೀವು ನೋಡಿ ಕಲಿಯಿರಿ, ಸಾಕು. ಚಾಟ್‌ಬಾಟ್ ಟಿಪ್ಪಣಿಯಲ್ಲಿ ವಿಧಿಯ ಸಂಖ್ಯೆ ಒಂದನ್ನೂ ಪಠ್ಯದ ಜೊತೆ ತಾಳೆ ನೋಡದೆ ಬೋರ್ಡಿಗೆ ತರಬೇಡಿ. ಹಾಗೆ ನೋಡಿದರೆ ಅಂಗಡಿಯ ಗೈಡುಗಳಿಗೂ ಇದೇ ಮಾತು ಹೇಳಬೇಕಿತ್ತು.

ಶಿಕ್ಷಕಿ, ಹಾವೇರಿ ಜಿಲ್ಲೆ:
ಸರ್, ಈಗಷ್ಟೇ ನಮ್ಮ ಪಂಚಾಯಿತಿ ಪುಟ ತೆರೆದೆ. ನಮ್ಮ ಶಾಲೆಯ ಶೌಚಾಲಯ ದುರಸ್ತಿ ಅಂತ ಒಂದು ಸಾಲಿದೆ. ನಮಗೇ ಗೊತ್ತಿಲ್ಲ!

ಉತ್ತರ:
ನಾಳೆಯ ಪಾಠ ಸಿಕ್ಕಿತಲ್ಲ. ಅದು ಬರೀ ಯೋಜನೆಯಲ್ಲಿದೆಯೋ, ಖರ್ಚಿನಲ್ಲೂ ಇದೆಯೋ ಮೊದಲು ನೋಡಿ, ಎರಡೂ ಬೇರೆ ಬೇರೆ. ಮತ್ತೆ, ಮಕ್ಕಳಿಗೆ ತೋರಿಸುವ ಮುಂಚೆ ಹೆಡ್‌ಮಾಸ್ಟರ ಕಿವಿಗೆ ಒಂದು ಮಾತು ಹಾಕಿರಿ.