ಕಾಕಾ, ವಿಮಾನ ಯಾವಾಗ ಹಾರುತ್ತೆ ಅಂತ ಕೇಳಿದ್ರಲ್ಲ

ಕಾಕಾ, ನಮಸ್ಕಾರ. ಬೆಳಿಗ್ಗೆ ನೀವು ಗ್ರೂಪಿಗೆ ಹಾಕಿದ ವಿಡಿಯೋ ನೋಡಿದೆ. ಕೆಳಗೆ ಬರೆದದ್ದನ್ನೂ ಓದಿದೆ. "ಇವರು ಒಂದೂವರೆ ವರ್ಷದಲ್ಲಿ ಮನೆಯಲ್ಲೇ ವಿಮಾನ ಕಟ್ಟಿ ಹಾರಿಸಿಬಿಟ್ಟರು, ನಮ್ಮ ಬೆಳಗಾವಿಯವರದು ಎರಡು ವರ್ಷ ಆದ್ರೂ ಶೆಡ್ಡಿನಲ್ಲೇ ಇದೆ, ಯಾವಾಗ ಹಾರುತ್ತೆ?" ಅಂತ. ಅದಕ್ಕೆ 14 ಜನ ನಕ್ಕಿದ್ದಾರೆ, ಎಣಿಸಿದ್ದೇನೆ. ನಮ್ಮ ಮನೆಯವರು ಇನ್ನೂ ಉದ್ಯಮಬಾಗದ ಅಂಗಡಿಯಿಂದ ಬಂದಿಲ್ಲ. ಬಂದರೂ "ನೋಡೋಣ ಕಾಕಾ" ಅಂತ ಎರಡು ಪದ ಟೈಪ್ ಮಾಡಿ ಸುಮ್ನಾಗ್ತಾರೆ. ಅದಕ್ಕೇ ನಾನು ಹೇಳ್ತಿದ್ದೇನೆ. ಉದ್ದ ಆಗುತ್ತೆ, ಊಟ ಆದ ಮೇಲೆ ಕೇಳಿ.

ಆ ವಿಡಿಯೋದಲ್ಲಿರುವ ಅಶೋಕ್ ತಾಮರಾಕ್ಷನ್ ಮೂಲ ಕೇರಳದವರು, ಇರುವುದು ಇಂಗ್ಲೆಂಡಿನಲ್ಲಿ. ಲಾಕ್‌ಡೌನ್ ಹೊತ್ತಿನಲ್ಲಿ ದಕ್ಷಿಣ ಆಫ್ರಿಕಾದ ಸ್ಲಿಂಗ್ ಕಂಪನಿಯಿಂದ ಕಿಟ್ ತರಿಸಿ 4 ಸೀಟಿನ ವಿಮಾನ ಕಟ್ಟಿದರು. 2022ರಲ್ಲಿ ಮನೆಯವರನ್ನು ಕೂರಿಸಿಕೊಂಡು ಯುರೋಪ್ ಸುತ್ತಿದರು. ನಿಜಕ್ಕೂ ದೊಡ್ಡ ಕೆಲಸ. ಆದರೆ ಅಲ್ಲಿ ಮನೆಯಲ್ಲಿ ವಿಮಾನ ಕಟ್ಟುವವರದ್ದೇ ಒಂದು ಸಂಘ ಇದೆ, ಅವರ ಇನ್‌ಸ್ಪೆಕ್ಟರ್ ಬಂದು ಪ್ರತಿ ಹಂತ ನೋಡಿ ಸಹಿ ಹಾಕುತ್ತಾರೆ. ನಮ್ಮನ್ನು ಹೋಲಿಸುವುದಾದರೆ ಮುಂಬೈನ ಅಮೋಲ್ ಯಾದವ್ ಅವರಿಗೆ ಹೋಲಿಸಿ. ಅವರು ಸ್ವತಃ ಪೈಲಟ್, ಕಾಂದಿವಲಿಯ ತಮ್ಮ ಅಪಾರ್ಟ್‌ಮೆಂಟಿನ ಮಾಳಿಗೆ ಮೇಲೆ 6 ಸೀಟಿನ ವಿಮಾನ ಕಟ್ಟಿದರು. ಅದಕ್ಕೆ ನೋಂದಣಿ ಸಿಕ್ಕಿದ್ದು 2017ರಲ್ಲಿ. ಹಾರಿಸಲು ಪರ್ಮಿಟ್ ಸಿಕ್ಕಿದ್ದು 2019ರಲ್ಲಿ. ಅಲ್ಲಿಯ ತನಕ ವಿಮಾನ ಎದುರಿಗೇ ನಿಂತಿತ್ತು, ಆದರೂ ಹಾರಿಸುವ ಹಾಗಿರಲಿಲ್ಲ. ವಿಮಾನಗಳನ್ನು ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಡಿಜಿಸಿಎ, ಅದರ ಒಪ್ಪಿಗೆ ಇಲ್ಲದೆ ನಮ್ಮದೂ ಒಂದು ಅಡಿ ಮೇಲೇಳುವುದಿಲ್ಲ. ಸಾಂಬ್ರಾ ವಿಮಾನ ನಿಲ್ದಾಣ ನಮ್ಮ ಮನೆಯಿಂದ ಹತ್ತಿರ ಅಂತ ಅಲ್ಲಿಗೆ ತಳ್ಳಿಕೊಂಡು ಹೋಗಲು ಅದೇನು ಎಂ80 ಗಾಡಿಯಾ?

ಇನ್ನು ಎರಡು ವರ್ಷ ಏನು ಮಾಡಿದ್ರಿ ಅಂತ ಕೇಳ್ತೀರಿ. ರಿವೆಟ್ ಹೊಡೆದೆವು ಕಾಕಾ.

ವಿಮಾನದ ಮೈ ಅಂದ್ರೆ ಅಲ್ಯೂಮಿನಿಯಂ ತಗಡು, ಅರ್ಧ ಮಿ.ಮೀ. ದಪ್ಪ. ಬೆಸುಗೆ ಹಾಕಿದರೆ ಅದರ ಗಟ್ಟಿತನ ಹೋಗುತ್ತೆ. ಹಾಗಾಗಿ ಎಲ್ಲಾ ರಿವೆಟ್ಟೇ, ಅಂದ್ರೆ ತಗಡಿಗೆ ತಗಡು ಜೋಡಿಸುವ ಸಣ್ಣ ಲೋಹದ ಮೊಳೆ. ತಲೆ ಜೋಳದ ಕಾಳಷ್ಟು, ಅಂಥವು ಸಾವಿರಗಟ್ಟಲೆ. ಹೊರಗಡೆಯಿಂದ ಇವರು ಗಾಳಿ ಗನ್ ಇಟ್ಟು ಹೊಡೆಯುತ್ತಾರೆ. ಒಳಗಡೆಯಿಂದ ಒಬ್ಬರು ಉಕ್ಕಿನ ಗಟ್ಟಿಯನ್ನು ರಿವೆಟ್ ತುದಿಗೆ ಒತ್ತಿ ಹಿಡಿಯಬೇಕು. ಆಗ ತುದಿ ಚಪ್ಪಟೆಯಾಗಿ ಎರಡು ತಗಡನ್ನೂ ಕಚ್ಚಿಕೊಳ್ಳುತ್ತೆ. ಆ ಗಟ್ಟಿಯನ್ನು ಇವರೇ ತಮ್ಮ ಅಂಗಡಿಯಲ್ಲಿ ಗ್ರೈಂಡ್ ಮಾಡಿದ್ದು. ಮುಖ ಕನ್ನಡಿ ಹಾಗೆ ಹೊಳೆಯುತ್ತೆ, ನಾನು ಕುಂಕುಮ ಸರಿ ಮಾಡಿಕೊಂಡಿದ್ದೇನೆ ಅದರಲ್ಲಿ. ಹಿಡಿಯುವವಳು ನಾನು. ನಾನು "ಹಿಡಿದೆ" ಅಂದ ಮೇಲೆ ಇವರು "ಹೊಡೀತೀನಿ" ಅನ್ನಬೇಕು, ಆಮೇಲೇ ಗನ್. ಇದು ನಮ್ಮ ಮನೆ ಕಾನೂನು. ಮದುವೆಯಾಗಿ 16 ವರ್ಷದಲ್ಲಿ ನಾನು ಹೇಳುವ ತನಕ ಇವರು ಕಾದಿರುವುದು ಇದೊಂದೇ ಕೆಲಸಕ್ಕೆ.

ಶುರುವಿಗೆ ನನ್ನ ಕೈ ಒಂಚೂರು ವಾಲುತ್ತಿತ್ತು. ರಿವೆಟ್ ಒಂದು ಕಡೆ ಮಲಗಿಬಿಡುತ್ತಿತ್ತು. ಚಪ್ಪಟೆಯಾದ ತುದಿಯ ಅಗಲ ರಿವೆಟ್ ದಪ್ಪದ ಒಂದೂವರೆ ಪಟ್ಟು ಇರಬೇಕು, ಎತ್ತರ ಅರ್ಧ. ಗೇಜ್ ಇಟ್ಟು ನೋಡುತ್ತಾರೆ. ಇಲ್ಲದಿದ್ದರೆ ಡ್ರಿಲ್ ಹಾಕಿ ತೆಗೆದು ಮತ್ತೆ ಹೊಸದು. ಮೊದಲ ಸಂಜೆ 22 ಹೊಡೆದೆವು, 9 ತೆಗೆದೆವು.

ಈಗ ಒಂದು ಮಾತು, ಬೇಜಾರು ಮಾಡಿಕೊಳ್ಳಬೇಡಿ. ಹೋದ ದೀಪಾವಳಿಗೆ ಬಂದಾಗ ನೀವು ಕಿವಿ ಮೇಲಿಂದ ಪೆನ್ಸಿಲ್ ತೆಗೆದು ರೆಕ್ಕೆ ತಗಡಿನ ಮೇಲೆ ಅಳತೆ ಗುರುತು ಹಾಕಿದ್ರಿ. ಇವರ ಮುಖ ಸಣ್ಣದಾಯಿತು. ನಿಮಗೆ ಅದು ತಪ್ಪು ತಿಳುವಳಿಕೆ ಆಯಿತು, ಚಹಾ ಕೂಡ ಕುಡಿಯದೆ ಎದ್ದುಬಿಟ್ಟಿರಿ. ವಿಷಯ ಇಷ್ಟೇ. ಪೆನ್ಸಿಲಿನ ಸೀಸ ಅಂದ್ರೆ ಗ್ರಾಫೈಟ್. ಅದು ಅಲ್ಯೂಮಿನಿಯಂ ಮೇಲೆ ಕೂತು, ತೇವ ತಗುಲಿದರೆ ಆ ಗೆರೆಯ ಉದ್ದಕ್ಕೂ ತಗಡನ್ನು ತಿನ್ನುತ್ತೆ. ಬೆಳಗಾವಿ ಮಳೆ ನಿಮಗೆ ಗೊತ್ತಲ್ಲ, ಜೂನ್‌ನಲ್ಲಿ ಹಿಡಿದರೆ ಒಗೆದ ಬಟ್ಟೆ ಮೂರು ದಿನ ಹಸಿ ಇರುತ್ತೆ. ಶೆಡ್ಡಿನ ಗೋಡೆಯೇ ಬೆವರುತ್ತೆ. ನೀವು ಹೋದ ಮೇಲೆ ಇವರು ಸ್ಪಿರಿಟ್ ಹಚ್ಚಿ ಆ ಗೆರೆ ಒರೆಸಿದರು. ನೀವು ಇರುವಾಗ ಒರೆಸಿದರೆ ಅವಮಾನ ಆಗುತ್ತೆ ಅಂತ ಕಾದಿದ್ದರು. ನಾವು ಗುರುತು ಹಾಕುವುದು ಮಾರ್ಕರ್‌ನಲ್ಲಿ. ಸೂಜಿ, ಮೊಳೆಯಿಂದ ಗೀರುವುದೂ ಇಲ್ಲ, ಗೀರಿನಿಂದಲೇ ಬಿರುಕು ಶುರುವಾಗುತ್ತೆ.

ತಪ್ಪು ಇವರೂ ಮಾಡಿದ್ದಾರೆ, ನಿಮ್ಮದಕ್ಕಿಂತ ದೊಡ್ಡದು. ಒಂದು ಬ್ರ್ಯಾಕೆಟ್‌ನಲ್ಲಿ ತೂತು ಅಂಚಿಗೆ ಹತ್ತಿರ ಬಿತ್ತು. ರಿವೆಟ್ 3 ಮಿ.ಮೀ. ದಪ್ಪ ಇದ್ದರೆ ತೂತಿನ ನಡುವಿನಿಂದ ಅಂಚಿಗೆ ಕಡಿಮೆ ಅಂದ್ರೂ 6 ಮಿ.ಮೀ. ಇರಬೇಕು. ಇದು 5 ಕೂಡ ಇರಲಿಲ್ಲ. ಮೇಲೆ ಬಣ್ಣ ಬಿದ್ದರೆ ಯಾರಿಗೂ ಕಾಣುತ್ತಿರಲಿಲ್ಲ. ರಾತ್ರಿ 12ರವರೆಗೂ ಅದನ್ನು ಕೈಯಲ್ಲಿ ತಿರುಗಿಸುತ್ತಾ ಕೂತಿದ್ದರು. ಬೆಳಿಗ್ಗೆ ನೋಡಿದರೆ ಮುರಿದು ಗುಜರಿ ಡಬ್ಬಿಗೆ ಹಾಕಿದ್ದರು. ಹೊಸ ಪಾರ್ಟ್ ವಿದೇಶದಿಂದ ಬಂದು, ಕಸ್ಟಮ್ಸ್ ದಾಟಿ ಮನೆ ಮುಟ್ಟಲು 11 ವಾರ. ನೀವು ಕೇಳಿದ ಎರಡು ವರ್ಷದಲ್ಲಿ ಆ 11 ವಾರವೂ ಸೇರಿದೆ.

ಎಂಜಿನ್ ಇನ್ನೂ ತಂದಿಲ್ಲ. ರೋಟಾಕ್ಸ್ 912 ಅಂತ ಆಸ್ಟ್ರಿಯಾದ್ದು, 100 ಅಶ್ವಶಕ್ತಿ. ಇಬ್ಬರು ಕೂತು ಪೆಟ್ರೋಲ್ ತುಂಬಿದರೂ ವಿಮಾನ 600 ಕಿಲೋ ದಾಟಬಾರದು, ಅದಕ್ಕೆ ಅದು ಸಾಕು. ಕಾರಿನ ಪೆಟ್ರೋಲ್‌ನಲ್ಲೇ ಓಡುತ್ತೆ. ಆದರೆ ಕಂಪನಿ ಒಪ್ಪುವುದು 10 ಪರ್ಸೆಂಟ್ ಎಥನಾಲ್ ತನಕ. ನಮ್ಮ ಬಂಕಿನಲ್ಲಿ ಸಿಗುವುದು 20 ಪರ್ಸೆಂಟಿನದು. ಮುಧೋಳದಲ್ಲಿ ನೀವು ಫ್ಯಾಕ್ಟರಿಗೆ ಕಬ್ಬು ಕಳಿಸುತ್ತೀರಿ, ಅಲ್ಲಿಂದ ಎಥನಾಲ್ ಆಗಿ ಬಂದು ಇಲ್ಲಿ ನಮ್ಮ ವಿಮಾನ ನಿಲ್ಲಿಸುತ್ತೆ! ಈ ಮಾತು ಇವರ ಮುಂದೆ ತೆಗೆಯಬೇಡಿ, ಒಂದು ಗಂಟೆ ಬಿಡುವುದಿಲ್ಲ.

ಹಾರುವ ತಾರೀಖು ನನ್ನ ಹತ್ತಿರ ಇಲ್ಲ ಕಾಕಾ. ಇರುವ ಗಡುವು ಬೇರೆ. ಬಾಲದ ಕಡೆ ವಿಮಾನ ಕೊಳವೆ ಹಾಗೆ ಸಣ್ಣದಾಗುತ್ತಾ ಹೋಗುತ್ತೆ. ಅದರೊಳಗೆ ನನಗೆ ತೆವಳಲು ಆಗುವುದಿಲ್ಲ. ನಿಮ್ಮ ಮೊಮ್ಮಗಳೇ ಹೋಗಬೇಕು. ಹಳೆ ಕೌದಿ ಹಾಸಿಕೊಂಡು, ಕಿವಿಗೆ ಮಫ್ ಹಾಕಿಕೊಂಡು, ತಲೆಗೆ ಟಾರ್ಚ್ ಕಟ್ಟಿಕೊಂಡು ಒಳಗೆ ಮಲಗಿ ಗಟ್ಟಿ ಹಿಡಿಯುತ್ತಾಳೆ. ಅವಳ ಕೈ ನನಗಿಂತ ಸ್ಥಿರ, ಒಂದೂ ರಿವೆಟ್ ವಾಲುವುದಿಲ್ಲ. ಆದರೆ ಅವಳಿಗೀಗ 13 ವರ್ಷ. ಜೂನ್‌ನಲ್ಲಿ ಹೊಲಿಸಿದ ಯೂನಿಫಾರ್ಮ್ ಈಗಲೇ ಗಿಡ್ಡ ಆಗಿದೆ. ಹೋದ ರವಿವಾರ ಭುಜ ತಾಗಿ ಹೊರಗೆ ಬರಲು ಒದ್ದಾಡಿದಳು. ಇನ್ನೂ 140 ರಿವೆಟ್ ಬಾಕಿ ಇವೆ ಅಲ್ಲಿ. ದಸರಾ ಒಳಗೆ ಮುಗಿಯದಿದ್ದರೆ ನಿಮ್ಮ ಊರಿನಿಂದ ಸಣ್ಣ ಹುಡುಗರನ್ನು ಯಾರನ್ನಾದರೂ ಕಳಿಸಬೇಕಾಗುತ್ತೆ ನೋಡಿ.

ಇವರ ಗಾಡಿ ಸದ್ದು ಕೇಳಿಸ್ತು. ಇಡ್ತೀನಿ.