ಮುಂದೆ ಗುರಿ, ಹಿಂದೆ ಶೀನಿ

ಶೀನಿಯ ಮಗ ಪುಟ್ಟುವಿನ ಸಿಇಟಿ ರ‍್ಯಾಂಕ್ ಬಂದಾಗಿನಿಂದ ಶೀನಿಗೆ ನಿದ್ದೆಯಿಲ್ಲ. ಪುಟ್ಟು ಮಾತ್ರ ಹನ್ನೊಂದಕ್ಕೆ ಏಳುತ್ತಾನೆ. ಭಾನುವಾರ ಸಂಜೆ ಮೈಸೂರಿನ ಅಗ್ರಹಾರದ ಮಾಮೂಲಿ ಹೋಟೆಲಿನಲ್ಲಿ ನಾಲ್ಕು ಜನಕ್ಕೆ ಎರಡು ಬೈಟು ಹೇಳಿ ಕೂತಿದ್ದೆವು.

“ಕಾಲೇಜು, ಕೋರ್ಸು ಅಂತ 137 ಆಪ್ಷನ್ ತುಂಬಿಸಿದೀನಿ ಕಣ್ರೋ” ಅಂದ ಶೀನಿ, ಹಿಮಾಲಯ ಹತ್ತಿ ಇಳಿದವನಂತೆ.

“ನೀನು ತುಂಬಿಸಿದ್ಯೋ, ಅವನೋ?” ರಾಜಿ ಕೇಳಿದಳು.

“ಅವನಿಗೇನು ಗೊತ್ತಾಗತ್ತೆ? ಮುಂದೆ ಗುರಿ ಇರ್ಬೇಕು, ಹಿಂದೆ ಗುರು ಇರ್ಬೇಕು.”

“ನೀನು ಹಿಂದೆ ಕೂತ್ರೆ ಏನಾಗತ್ತೆ ಅಂತ ಊರಿಗೇ ಗೊತ್ತು” ಅಂದೆ ನಾನು. “ಹೋದ ತಿಂಗಳು ಅವನು ಸ್ಕೂಟರ್ ಓಡಿಸ್ತಿದ್ರೆ ಹಿಂದಿಂದ ‘ಎಡಕ್ಕೆ, ಅಲ್ಲಲ್ಲ ಬಲಕ್ಕೆ, ಬ್ರೇಕು ಬ್ರೇಕು’ ಅಂತ ಕೂಗಿ ಇಬ್ರೂ ಎಳನೀರು ಗಾಡಿಗೆ ನುಗ್ಗಿದ್ರಲ್ಲ!”

“ಎಳನೀರು ಕುಡಿಯೋದೇ ಗುರಿಯಾಗಿದ್ದಿದ್ರೆ ಸರಿಯಾಗೇ ಮುಟ್ಟಿಸಿದಾನೆ” ಅಂದರು ಮಾಸ್ತರು. ನಿವೃತ್ತ ಕನ್ನಡ ಮೇಷ್ಟ್ರು. ಶುರುವಾದರೆ ಬೆಲ್ ಹೊಡೆಯುವವರಿಲ್ಲ. “ಹೇಳೋರು ಹೇಳಿದ್ರೆ ಒಂದು ಮಾತು ಸಾಕಪ್ಪ. 1924ರಲ್ಲಿ ಇದೇ ಮೈಸೂರಲ್ಲಿ ಕುವೆಂಪು ತಮ್ಮ ಇಂಗ್ಲಿಷ್ ಕವನ ಹಿಡ್ಕೊಂಡು ಐರಿಷ್ ಕವಿ ಜೇಮ್ಸ್ ಕಸಿನ್ಸ್ ಹತ್ರ ಹೋದ್ರು. ವಯಸ್ಸು 19. ಅಷ್ಟು ಹೊತ್ತಿಗೆ ಇಂಗ್ಲಿಷಲ್ಲಿ ಪುಸ್ತಕಾನೂ ಬಂದಿತ್ತು. ಕಸಿನ್ಸ್ ನೋಡಿ, ಇದೇನಿದೆಲ್ಲ, ನಿಮ್ಮ ಭಾಷೇಲಿ ಬರೀಬಾರ್ದಾ ಅಂದ್ರು. ಹುಡುಗನಿಗೆ ರೇಗಿತು. ಆದ್ರೂ ಮಾತು ನಾಟಿತು.”

“ನೋಡಿ, ಹಿರಿಯರ ಮಾತು ಕೇಳಿದ್ರು!” ಶೀನಿ ಮೇಜು ಕುಟ್ಟಿದ.

“ಕಸಿನ್ಸ್ ಮೊದಲು ಓದಿದ್ರು ಶೀನಿ. ನಿನ್ನ ಮಗ ಬರೆದಿದ್ದು ಏನಾದ್ರೂ ಓದಿದೀಯಾ?”

“ಅವನ ಮೊಬೈಲಿಗೆ ಲಾಕ್ ಇದೆ.”

“ಕಸಿನ್ಸ್ ಜಾಗದಲ್ಲಿ ನೀನಿದ್ದಿದ್ರೆ ‘ಕವನ ಇರ್ಲಿ, ಕಂಪ್ಯೂಟರ್ ಸೈನ್ಸ್ ತಗೊ’ ಅಂತಿದ್ದೆ. 1924ರಲ್ಲೂ” ಅಂದೆ.

ರಾಜಿಗೆ ಬೇರೆಯೇ ತಕರಾರು. “ಗುರು ಅಂದ್ರೆ ಗಂಡಸರನ್ನೇ ಯಾಕೆ ಹುಡುಕ್ತೀರ? ನವಕೋಟಿ ನಾರಾಯಣ ಪುರಂದರದಾಸನಾಗಿದ್ದು ಹೆಂಡತಿಯ ಮೂಗುತಿಯಿಂದ. ವ್ಯಾಸರಾಯರು ಸಿಕ್ಕಿದ್ದು ಆಮೇಲೆ. ಭಿಕ್ಷೆಯ ಗೋಪಾಳಬುಟ್ಟಿ ಹಿಡಿಸಿದ್ದು ಹೆಂಡತಿ ಅಂತ ದಾಸರೇ ಹಾಡಿದಾರೆ.”

“ನನ್ನ ಹೆಂಡತಿ ಇದರಲ್ಲೆಲ್ಲ ತಲೆ ಹಾಕಲ್ಲ” ಅಂದ ಶೀನಿ, ಹೆಮ್ಮೆಯಿಂದ.

ಗೊತ್ತಿಲ್ಲದವರಿಗೆ ಹೇಳಬೇಕು: ಆಪ್ಷನ್ ಎಂಟ್ರಿಯಲ್ಲಿ ಕ್ರಮವೇ ಜೀವಾಳ. ನಿಮ್ಮ ರ‍್ಯಾಂಕಿಗೆ ದಕ್ಕುವ ಸೀಟುಗಳಲ್ಲಿ ಪಟ್ಟಿಯ ತೀರಾ ಮೇಲಿರುವುದೇ ಕೈಗೆ ಬರುತ್ತದೆ. ಅದರ ಕೆಳಗಿನವೆಲ್ಲ ತೋರಣ. ನಿಜವಾದ ಹಂಚಿಕೆಗೆ ಮುಂಚೆ ಮಾಕ್ ಅಲಾಟ್‌ಮೆಂಟ್ ಅಂತ ಒಂದು ಅಣಕು ಹಂಚಿಕೆ ಬರುತ್ತದೆ. ಶೀನಿಯ ಪಟ್ಟಿಯಲ್ಲಿ 136 ಶೀನಿಯವು. ಕೊನೆಯದೊಂದು ಮಾತ್ರ ಪುಟ್ಟುವಿನದು.

“ಅದೇನು ಹಾಕಿದಾನೆ?”

“ಮೀನುಗಾರಿಕೆ” ಅಂದ ಶೀನಿ, ಪಕ್ಕದ ಮೇಜಿಗೆ ಕೇಳದಂತೆ. “ನಮ್ಮನೇಲಿ ಈರುಳ್ಳಿಗೇ ಪ್ರತ್ಯೇಕ ಬಾಣಲೆ! ಎಲ್ಲ ಆ ಜೋಯಿಸರಿಂದ. ಮಗುವಿದ್ದಾಗ ‘ಮೀನ ರಾಶಿ’ ಅಂದಿದ್ರು. ಇವನು ಅದನ್ನ ಸೀರಿಯಸ್ಸಾಗಿ ತಗೊಂಡಿದಾನೆ.”

“ನಗಬೇಡ. ದೇಶದ ಮೊದಲ ಮೀನುಗಾರಿಕೆ ಕಾಲೇಜು ಮಂಗಳೂರಿಂದೇ, 1969ರದ್ದು” ಅಂದರು ಮಾಸ್ತರು. “ಓದೋಕೆ ಮೀನು ತಿನ್ಬೇಕು ಅಂತೇನಿಲ್ಲ. ಲಾ ಓದೋರು ಜೈಲಿಗೆ ಹೋಗ್ತಾರಾ?”

“ಕೆಲವರು…” ಅಂತ ನಾನು ಶುರು ಮಾಡುವಷ್ಟರಲ್ಲಿ ಪುಟ್ಟು ಸ್ಕೂಟರ್ ಕೀ ಕೇಳಿಕೊಂಡು ಬಂದ.

“ಅಪ್ಪಾ, ಮಾಕ್ ಅಲಾಟ್‌ಮೆಂಟ್ ಬಂತು. ಮಂಗಳೂರು.”

“ಮಂಗಳೂರಲ್ಲಿ ಯಾವ ಇಂಜಿನಿಯರಿಂಗ್ ಕಾಲೇಜೋ?”

“ಮೀನು.”

“ಅದು 137ನೇದಲ್ವಾ!”

“ಮೊದಲನೇದು ಮಾಡ್ದೆ.”

“ಪಾಸ್‌ವರ್ಡ್ ಹೇಗೆ ಸಿಕ್ತು?”

“ನಿಮ್ಮ ಮದುವೆ ಡೇಟಲ್ವಾ?”

“ಅದು ನನಗೇ ನೆನಪಿರಲ್ಲ, ಚೀಟಿ ಇಟ್ಕೊಂಡಿದೀನಿ! ನಿನಗೆ ಯಾರೋ ಹೇಳಿದ್ದು?”

“ಅಮ್ಮ.”

ರಾಜಿ ಮೂಗುತಿ ಸರಿಮಾಡಿಕೊಂಡು ಮಾಣಿಯನ್ನು ಕರೆದಳು. “ಇವರಿಗೊಂದು ಫುಲ್ ಕಾಫಿ. ಬೈಟು ಬೇಡ.”