ಭಾನುವಾರದ ಪ್ರಶ್ನೋತ್ತರ: ಮನೆಯಲ್ಲಿ ಕಟ್ಟಿದ ಸಿಎನ್‌ಸಿ, ಮುಟ್ಟಿದರೆ ಜುಮ್

ಅಡ್ಮಿನ್: ಇವತ್ತು ನಮ್ಮ ಗುಂಪಿನ ಟೆಕ್ನಿಷಿಯನ್ ಉತ್ತರ ಕೊಡುತ್ತಾರೆ. ದಾವಣಗೆರೆಯಲ್ಲಿ ಸಿಎನ್‌ಸಿ, ಅಂದರೆ ಕಂಪ್ಯೂಟರ್ ಹೇಳಿದಂತೆ ಕೆತ್ತುವ ಮಷಿನ್, ಸರ್ವಿಸ್ ಮಾಡುವವರು. ದಯವಿಟ್ಟು ಫಾರ್ವರ್ಡ್ ಹಾಕಬೇಡಿ. ಶುಭೋದಯದ ಫೋಟೋನೂ ಬೇಡ.

ನಿಟುವಳ್ಳಿ ಸದಸ್ಯ: ಸರ್, ನಾನು ಹೊಸಬ. ಮರದಲ್ಲಿ ನೇಮ್ ಬೋರ್ಡ್ ಕೆತ್ತುವ ಮಷಿನ್ ಕಟ್ಟಬೇಕು. ಏನೇನು ತಗೋಬೇಕು?

ಟೆಕ್ನಿಷಿಯನ್: ಮೊದಲನೇದು ಚಿಕ್ಕದಿರಲಿ. ಒಂದಡಿಗೆ ಒಂದಡಿ ಜಾಗದಲ್ಲಿ ಕೆತ್ತಿದರೆ ಸಾಕು. ಆರ್ಡುಯಿನೋ ಉನೊ ಅನ್ನೋ ಕಂಟ್ರೋಲ್ ಬೋರ್ಡ್, ಅದರ ಮೇಲೆ ಮೋಟರ್ ಓಡಿಸುವ ಡ್ರೈವರ್‌ಗಳು ಕೂರುವ ಸಿಎನ್‌ಸಿ ಶೀಲ್ಡ್, ಒಳಗೆ ಜಿಆರ್‌ಬಿಎಲ್ ಅನ್ನೋ ಸಾಫ್ಟ್‌ವೇರ್. ಹೆಜ್ಜೆ ಹೆಜ್ಜೆಯಾಗಿ ಸುತ್ತುವ ನೆಮಾ 17 ಸ್ಟೆಪ್ಪರ್ ಮೋಟರ್ ಮೂರು, ಟಿ8 ಲೀಡ್ ಸ್ಕ್ರೂ, 24 ವೋಲ್ಟಿನ ಎಸ್‌ಎಂಪಿಎಸ್ (ಪವರ್ ಸಪ್ಲೈ). ಮೊದಲ ದಿನ ಕೆತ್ತುವ ಬಿಟ್ ಹಾಕಬೇಡಿ. ಪೆನ್ ಕಟ್ಟಿ ಕಾಗದದ ಮೇಲೆ ಒಂದು ಚೌಕ ಬರೆಸಿ, ಸ್ಕೇಲ್ ಇಟ್ಟು ಅಳೆಯಿರಿ. ಇನ್ನೊಂದು ಮಾತು. ಕರೆಂಟ್ ಇರುವಾಗ ಮೋಟರ್ ವೈರ್ ಕಿತ್ತರೆ ಡ್ರೈವರ್ ಅಲ್ಲೇ ಸಾಯುತ್ತದೆ. ನಾನೇ ಎರಡು ಸುಟ್ಟಿದ್ದೀನಿ.

ಹರಿಹರದ ಹುಡುಗ: ಸರ್, ಎ4988 ಡ್ರೈವರ್ ಸುಟ್ಟಿತ್ತು, ಡಿಆರ್‌ವಿ8825 ಹಾಕಿದೆ. ಈಗ 100 ಮಿ.ಮೀ. ಹೋಗು ಅಂದರೆ 50 ಹೋಗಿ ನಿಲ್ಲುತ್ತಿದೆ. ಅಂಗಡಿಯವರು ಸ್ಕ್ರೂ ಡೂಪ್ಲಿಕೇಟ್ ಅಂತಾರೆ.

ಟೆಕ್ನಿಷಿಯನ್: ಸ್ಕ್ರೂ ಚೆನ್ನಾಗೇ ಇದೆ, ಎಸೀಬೇಡಿ. ಶೀಲ್ಡ್ ಮೇಲೆ ಮೂರೂ ಜಂಪರ್ ಹಾಕಿದಾಗ ಎ4988 ಒಂದು ಸ್ಟೆಪ್ಪನ್ನು 16 ಭಾಗ ಮಾಡುತ್ತದೆ, 8825 ಅದನ್ನೇ 32 ಮಾಡುತ್ತದೆ. ಮೋಟರ್ ಒಂದು ಸುತ್ತಿಗೆ 200 ಸ್ಟೆಪ್, ನಿಮ್ಮ ಸ್ಕ್ರೂ ಒಂದು ಸುತ್ತಿಗೆ 8 ಮಿ.ಮೀ. ಒಂದು ಮಿ.ಮೀ.ಗೆ ಮೊದಲು 200×16÷8 = 400 ಸ್ಟೆಪ್ ಇತ್ತು. ಈಗ 800 ಆಗಬೇಕು. ಜಿಆರ್‌ಬಿಎಲ್‌ನ ಡಾಲರ್ 100, 101, 102 ನಂಬರಿನ ಸೆಟ್ಟಿಂಗ್‌ನಲ್ಲಿ ಬದಲಾಯಿಸಿ. 8825 ಕೂರಿಸುವಾಗ ಕರೆಂಟ್ ಹೊಂದಿಸುವ ತಿರುಪಿನ ದಿಕ್ಕು ನೋಡಬೇಡಿ, ಇಎನ್ ಅಂತ ಬರೆದ ಪಿನ್ ನೋಡಿ. ಎ4988ರಲ್ಲಿ ಇರುವ ಕಡೆಗೆ ಉಲ್ಟಾ ಕಡೆ ಇದರ ತಿರುಪು ಇರುತ್ತದೆ.

ವಿದ್ಯಾನಗರ ಸದಸ್ಯೆ: ಇದೇ ಮಷಿನ್‌ಗೆ ಲೇಸರ್ ಹಾಕಬಹುದಾ ಸರ್?

ಆವರಗೆರೆ ಸದಸ್ಯ: ಹೊಸಬ ಸರ್. ಏನೇನು ತಗೋಬೇಕು?

ಟೆಕ್ನಿಷಿಯನ್: ಮೇಲೆ ಇದೆ.

ಚಿತ್ರದುರ್ಗದ ಸದಸ್ಯ: ಸರ್, ಕಬ್ಬಿಣದ ಪೈಪಿನಲ್ಲಿ ಎರಡಡಿ ಮೂರಡಿ ಮಷಿನ್ ಕಟ್ಟಿದ್ದೇನೆ. 1.5 ಕಿಲೋವ್ಯಾಟ್ ವಾಟರ್ ಕೂಲ್ಡ್ ಸ್ಪಿಂಡಲ್ (ಬಿಟ್ ತಿರುಗಿಸುವ ಮೋಟರ್), ಅದರ ವೇಗ ನಿಯಂತ್ರಿಸುವ ವಿಎಫ್‌ಡಿ. ನೀರಿನ ಪಂಪ್ ಬಕೆಟ್‌ನಲ್ಲಿ. ಎರಡು ತೊಂದರೆ. ಸ್ಪಿಂಡಲ್ ಆನ್ ಆದ ಕೂಡಲೇ ಅಲಾರಂ 1 ಬಂದು ಮಷಿನ್ ನಿಲ್ಲುತ್ತದೆ. ಇನ್ನೊಂದು ಸಣ್ಣದು, ಫ್ರೇಮ್ ಮುಟ್ಟಿದರೆ ಜುಮ್ ಅನ್ನುತ್ತದೆ. ಚಪ್ಪಲಿ ಹಾಕಿಕೊಂಡರೆ ಇಲ್ಲ. ಮಾವ ಒಂದು ಮೆಸೇಜ್ ಕಳಿಸಿದ್ದಾರೆ: ‘ಅರ್ಥ್ ಇಲ್ಲದ ಮನೆಯಲ್ಲಿ ಪ್ಲಗ್ ಒಳಗೆ ಅರ್ಥ್ ಪಿನ್ನನ್ನು ನ್ಯೂಟ್ರಲ್‌ಗೆ ಜೋಡಿಸಿ, ಶಾಕ್ ಮಾಯ.’ ಮಾಡಬಹುದಾ?

ಟೆಕ್ನಿಷಿಯನ್: ಮೊದಲು ಪ್ಲಗ್ ಕೀಳಿ. ಸ್ವಿಚ್ ಆಫ್ ಅಲ್ಲ, ಪ್ಲಗ್ ಕೀಳಿ. ಪಂಪಿನದ್ದೂ. ಆಮೇಲೆ ಓದಿ.

ಸಣ್ಣ ತೊಂದರೆ ಅಂದಿರಲ್ಲ, ಅದೇ ದೊಡ್ಡದು. ಎಸ್‌ಎಂಪಿಎಸ್, ವಿಎಫ್‌ಡಿ ಒಳಗೆ ಫಿಲ್ಟರ್ ಕೆಪಾಸಿಟರ್ ಇರುತ್ತವೆ. ಸ್ವಲ್ಪ ಕರೆಂಟನ್ನು ಅವು ಬಾಡಿಗೆ ಸೋರಿಸುತ್ತಲೇ ಇರುತ್ತವೆ. ಅರ್ಥ್ ಇದ್ದರೆ ಅದು ನೆಲಕ್ಕೆ ಹೋಗುತ್ತದೆ. ಇಲ್ಲದಿದ್ದರೆ ಫ್ರೇಮ್ ಮೇಲೆ ನೂರರ ಆಸುಪಾಸು ವೋಲ್ಟ್ ಕೂತಿರುತ್ತದೆ. ನಿಮ್ಮ ಜುಮ್ ಅದೇ ಇರಬಹುದು. ಇಲ್ಲವೇ ಸ್ಪಿಂಡಲ್ ಕೇಬಲ್ ಎಲ್ಲೋ ಸವೆದು ಫ್ರೇಮಿಗೆ ತಾಗಿರಬಹುದು. ಟೆಸ್ಟರ್ ಎರಡಕ್ಕೂ ಉರಿಯುತ್ತದೆ, ಕೈಗೆ ಮೊದಮೊದಲು ಎರಡೂ ಒಂದೇ.

ಈಗ ಆ ಮೆಸೇಜ್. ಜೋಡಿಸಿದರೆ ಜುಮ್ ನಿಲ್ಲುತ್ತದೆ, ನಿಜ. ಅದಕ್ಕೇ ಜನ ಇದನ್ನು ಫಾರ್ವರ್ಡ್ ಮಾಡುತ್ತಾರೆ. ಒಂದು ದಿನ ಬೋರ್ಡಿನಲ್ಲಿ ನ್ಯೂಟ್ರಲ್ ಲೂಸ್ ಆಗುತ್ತದೆ. ಆಗ ಫೇಸ್ ನಿಮ್ಮ ಎಸ್‌ಎಂಪಿಎಸ್ ಒಳಗಿಂದ ಹಾದು ನ್ಯೂಟ್ರಲ್ ವೈರಿಗೆ ಬಂದು, ಅಲ್ಲಿಂದ ಆ ತುಂಡು ವೈರ್ ಹಿಡಿದು ಫ್ರೇಮಿಗೆ ಬರುತ್ತದೆ. ಮಷಿನ್ ನಿಂತಿರುತ್ತದೆ. ಕರೆಂಟ್ ಹೋಗಿದೆ ಅಂದುಕೊಂಡು ನೀವು ಹೋಗಿ ಕೈ ಇಡುತ್ತೀರಿ. ಪಾಯಿಂಟಿನಲ್ಲಿ ಫೇಸ್ ನ್ಯೂಟ್ರಲ್ ಅದಲು ಬದಲಾಗಿದ್ದರಂತೂ ಅಷ್ಟು ಕಾಯುವುದೂ ಬೇಡ, ಪ್ಲಗ್ ಹಾಕಿದ ಕ್ಷಣವೇ ಫ್ರೇಮ್ ಮೇಲೆ 230.

ಮಾಡಬೇಕಾದ್ದು: ಮನೆಗೆ ಸರಿಯಾದ ಅರ್ಥ್, ಜೊತೆಗೆ 30 ಮಿಲಿ ಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಲೈನ್ ಕಟ್ ಮಾಡುವ ಸ್ವಿಚ್). ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೈಯಲ್ಲಿ ಮಾಡಿಸಿ. ದುರ್ಗದ ನೆಲ ಬಂಡೆ, ಒಣ. ಅರ್ಥ್ ಪೈಪ್ ಎರಡೂವರೆ ಮೀಟರ್ ಇಳಿಯಬೇಕು, ಮೂರಡಿಗೇ ಕಲ್ಲು ಸಿಕ್ಕರೆ ಅಲ್ಲಿಗೇ ಬಿಡುತ್ತಾರೆ. ಹಾಗೆ ಬಿಟ್ಟು ಅರ್ಥ್ 50 ಓಮ್ ಬಂತು ಅನ್ನಿ. ಫೇಸ್ ಬಾಡಿಗೆ ತಾಗಿದರೂ ಹರಿಯುವುದು 230÷50, ಅಂದರೆ 4.6 ಆಂಪಿಯರ್. ಕರೆಂಟ್ ಮಿತಿಮೀರಿದರೆ ಮಾತ್ರ ಬೀಳುವ 16 ಆಂಪಿಯರಿನ ಎಂಸಿಬಿ ಅಲುಗಾಡುವುದಿಲ್ಲ. ಆರ್‌ಸಿಸಿಬಿ ತಕ್ಷಣ ಬೀಳುತ್ತದೆ.

ಇದಾದ ಮೇಲೆ ಸ್ಪಿಂಡಲ್ ನೋಡಿ. ಕಡಿಮೆ ಬೆಲೆಯ ಸ್ಪಿಂಡಲ್‌ಗಳಲ್ಲಿ ಕನೆಕ್ಟರಿನ ನಾಲ್ಕನೇ ಪಿನ್ ಎಷ್ಟೋ ಸಲ ಬಾಡಿಗೆ ಸೇರಿರುವುದೇ ಇಲ್ಲ. ಎಲ್ಲ ಪ್ಲಗ್ ಕಿತ್ತು, ಮಲ್ಟಿಮೀಟರ್ ಬಜರ್‌ಗೆ ಇಟ್ಟು, ಒಂದು ಕಡ್ಡಿ ಆ ಪಿನ್ನಿಗೆ, ಇನ್ನೊಂದು ಸ್ಪಿಂಡಲ್ ಬಾಡಿಗೆ. ಕೂಗದಿದ್ದರೆ ಬಾಡಿಯಿಂದ ಬೇರೆ ಅರ್ಥ್ ವೈರ್ ಎಳೆಯಿರಿ. ಬೇರಿಂಗ್ ಮೂಲಕ ಅರ್ಥ್ ಸಿಗುತ್ತದೆ ಅಂತ ನಂಬಬೇಡಿ. ವಿಎಫ್‌ಡಿ ಬಿಚ್ಚುವುದಿದ್ದರೆ ಪ್ಲಗ್ ಕಿತ್ತ ಮೇಲೂ ಹತ್ತು ನಿಮಿಷ ಬಿಡಿ. ಒಳಗೆ 300 ವೋಲ್ಟಿಗಿಂತ ಜಾಸ್ತಿ ನಿಂತಿರುತ್ತದೆ.

ಅಲಾರಂ 1 ಅಂದರೆ ಮಷಿನ್ ತುದಿ ಮುಟ್ಟಿದಾಗ ನಿಲ್ಲಿಸುವ ಲಿಮಿಟ್ ಸ್ವಿಚ್ ಒತ್ತಿತು ಅಂತ. ಯಾರೂ ಒತ್ತಿಲ್ಲ, ಅದು ಸ್ಪಿಂಡಲ್ ಕೇಬಲಿನಿಂದ ಸ್ವಿಚ್ ಕೇಬಲಿಗೆ ಬರುವ ಎಲೆಕ್ಟ್ರಿಕಲ್ ಗಲಾಟೆ. ಅರ್ಥ್ ಸರಿಹೋದರೆ ಅರ್ಧ ಹೋಗುತ್ತದೆ. ಈ ಎರಡು ಕೇಬಲ್ ಒಟ್ಟಿಗೆ ಕಟ್ಟಬೇಡಿ, ದಾಟಲೇಬೇಕಾದರೆ ಅಡ್ಡ ದಾಟಿಸಿ. ಸ್ವಿಚ್ ನಾರ್ಮಲಿ ಕ್ಲೋಸ್ಡ್ (ಒತ್ತಿದಾಗ ಕನೆಕ್ಷನ್ ಬಿಡುವಂತೆ) ಮಾಡಿಕೊಳ್ಳಿ, ಅದಕ್ಕೆ ತಕ್ಕಂತೆ ಡಾಲರ್ 5 ಸೆಟ್ಟಿಂಗ್ ಬದಲಾಯಿಸುವುದು ಮರೀಬೇಡಿ.

ಚಳ್ಳಕೆರೆ ಸದಸ್ಯ: ವಿಎಫ್‌ಡಿ ಇದ್ದರೆ ಆರ್‌ಸಿಸಿಬಿ ಪದೇ ಪದೇ ಬೀಳುತ್ತದೆ. ನಾನು ತೆಗೆದುಬಿಟ್ಟೆ. ಎರಡು ವರ್ಷ ಆಯ್ತು, ಏನೂ ಆಗಿಲ್ಲ.

ಟೆಕ್ನಿಷಿಯನ್: ಅದನ್ನು ಇಲ್ಲಿ ಸಲಹೆ ಅಂತ ಬರೆಯಬೇಡಿ. ಬೀಳುತ್ತಿದ್ದರೆ ವಿಎಫ್‌ಡಿಗೆ ಹೊಂದುವ ಟೈಪ್ ಕೇಳಿ ತಗೊಳ್ಳಿ.

ಹರಿಹರದ ಹಿರಿಯರು: ಅದಿರಲಿ, ನಿಟುವಳ್ಳಿಯವರು ಯಾವುದರಲ್ಲಿ ಫ್ರೇಮ್ ಕಟ್ಟುತ್ತಾರಂತೆ? ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಅಂದರೆ ನಗು ಬರುತ್ತದೆ. ಮೈಸೂರು ಕಿರ್ಲೋಸ್ಕರ್ ಲೇತ್ ಮಾಡಿದ ಊರು ನಮ್ಮದು. ಮಷಿನ್ನಿನ ಬೆಡ್ ಅಂದರೆ ಎರಕದ ಕಬ್ಬಿಣ.

ನಿಟುವಳ್ಳಿ ಸದಸ್ಯ: ಅಜ್ಜಾ, ನಂದು ಮೂರನೇ ಮಹಡಿ. ಎರಕ ಯಾರು ಹೊರ್ತಾರೆ?

ಹರಿಹರದ ಹಿರಿಯರು: ಅಜ್ಜ ಯಾರಿಗೋ? ಮೂವತ್ತು ವರ್ಷ ಲೇತ್ ಮುಂದೆ ನಿಂತಿದ್ದೀನಿ. ನಿನ್ನ ಗ್ಯಾಂಟ್ರಿಗೆ, ಅಂದರೆ ಸ್ಪಿಂಡಲ್ ಹೊರುವ ಅಡ್ಡ ತೊಲೆಗೆ, ಡಯಲ್ ಗೇಜ್ ಇಟ್ಟು ಹೆಬ್ಬೆರಳಲ್ಲಿ ಒತ್ತಿ ನೋಡು.

ಹರಿಹರದ ಹುಡುಗ: ನಂದು ಎಂಡಿಎಫ್. ಈಗಷ್ಟೇ ಒತ್ತಿ ನೋಡಿದೆ. ಮುಳ್ಳು 0.6 ಮಿ.ಮೀ. ಹೋಯ್ತು 😔

ಹರಿಹರದ ಹಿರಿಯರು: ನೋಡಿ.

ನಿಟುವಳ್ಳಿ ಸದಸ್ಯ: ನೇಮ್ ಬೋರ್ಡಿಗೆ ಅಷ್ಟು ಸಾಕು. ರಾಕೆಟ್ ಮಾಡ್ತಿಲ್ಲ ನಾವು.

ಅಡ್ಮಿನ್: ಇಬ್ಬರೂ ಪ್ರೈವೇಟ್‌ನಲ್ಲಿ ಜಗಳ ಆಡಿ.

ಟೆಕ್ನಿಷಿಯನ್: ಕಲಿಯೋಕೆ ಎಂಡಿಎಫ್ ನಡೆಯುತ್ತದೆ, ಮಳೆಗಾಲದಲ್ಲಿ ಉಬ್ಬುತ್ತದೆ. 0.6 ಜಾಸ್ತಿ ಆಯ್ತು, ರಾಡ್ ಹಿಡಿಯುವ ಬೋಲ್ಟ್ ಬಿಗಿ ಮಾಡಿ ಮತ್ತೆ ಒತ್ತಿ.

ಹೊಳಲ್ಕೆರೆ ಸದಸ್ಯ: ಸರ್, ಸ್ಪಿಂಡಲ್ ಬಂತು. ವಿಎಫ್‌ಡಿಗೆ ವೈರ್ ಕೊಟ್ಟು ಆನ್ ಮಾಡಲಾ? ಡಿಸ್ಪ್ಲೇ 50 ತೋರಿಸುತ್ತಿದೆ.

ಟೆಕ್ನಿಷಿಯನ್: ಬೇಡ! ಆ ಸ್ಪಿಂಡಲ್ 400 ಹರ್ಟ್ಜ್, 24,000 ಆರ್‌ಪಿಎಂನದ್ದು. ಬೇಸ್ ಫ್ರೀಕ್ವೆನ್ಸಿ 50ರಲ್ಲೇ ಬಿಟ್ಟರೆ ನಿಧಾನ ಸುತ್ತುವಾಗಲೇ ಪೂರ್ತಿ ವೋಲ್ಟೇಜ್ ಬಿದ್ದು ಸುರುಳಿ ಸುಡುತ್ತದೆ. ಬೇಸ್, ಗರಿಷ್ಠ ಎರಡೂ 400 ಮಾಡಿ. ಸ್ಪಿಂಡಲ್ ಮೇಲಿನ ಚೀಟಿ ಓದಿ, ಅದರ ಆಂಪಿಯರ್ ಕೂಡ ಹಾಕಿ. ನೀರು ಹರಿಯುತ್ತಿದೆ ಅಂತ ಕಣ್ಣಲ್ಲಿ ನೋಡಿದ ಮೇಲೆ ಆನ್.

ಆವರಗೆರೆ ಸದಸ್ಯ: ಮೋಟರ್ ಬಿಸಿ ಆದರೆ ಮೇಲೆ ಒದ್ದೆ ಬಟ್ಟೆ ಸುತ್ತಿ ಅಂತ ಒಂದು ವಿಡಿಯೋ ಬಂದಿದೆ, ಹಾಕಲಾ?

ಟೆಕ್ನಿಷಿಯನ್: ಬೇಡ. ಒದ್ದೆ ಬಟ್ಟೆ, ಕರೆಂಟು. ಇದನ್ನೂ ನಾನೇ ಹೇಳಬೇಕಾ? ಸ್ಟೆಪ್ಪರ್ ಬಿಸಿ ಆಗೋದೇ. ಕೈ ಇಡೋಕೆ ಆಗದಷ್ಟು ಸುಡುತ್ತಿದ್ದರೆ ಡ್ರೈವರಿನ ತಿರುಪಲ್ಲಿ ಕರೆಂಟ್ ಇಳಿಸಿ.

ವಿದ್ಯಾನಗರ ಸದಸ್ಯೆ: ಸರ್, ಲೇಸರ್?

ಜಗಳೂರು ಸದಸ್ಯ: ಮಷಿನ್‌ಗೆ ಸಾಲ ಸಿಗುತ್ತಾ?

ಕೆ.ಬಿ. ಬಡಾವಣೆ ಸದಸ್ಯ: ಹೊಸಬ ಸರ್, ಏನೇನು ಸಾಮಾನು...

ಟೆಕ್ನಿಷಿಯನ್: ಮೇಲೆ. ಮೇಲೆ. ಮೇಲೆ.

ಕೆ.ಬಿ. ಬಡಾವಣೆ ಸದಸ್ಯ: ಕೇಳಿದ್ದಕ್ಕೆ ಇಷ್ಟು ಸಿಟ್ಟಾ? ಗೊತ್ತಿದ್ದರೆ ಯಾಕೆ ಕೇಳ್ತಿದ್ದೆ?

ಚಿತ್ರದುರ್ಗದ ಸದಸ್ಯ: ಸರ್, ಪ್ಲಗ್ ಕಿತ್ತೆ. ಗೋಡೆಯ ಪಾಯಿಂಟ್ ಮೇನ್ ಆಫ್ ಮಾಡಿ ಬಿಚ್ಚಿದೆ. ನೀವಂದ ಹಾಗೆ ಅರ್ಥ್ ತೂತಿನ ಹಿಂದೆ ವೈರೇ ಇಲ್ಲ. ಆಮೇಲೆ ಪಂಪ್ ಹಾಕುತ್ತಿದ್ದ ಎಕ್ಸ್‌ಟೆನ್ಶನ್ ಬಾಕ್ಸ್ ಬಿಚ್ಚಿದೆ. ಅದರಲ್ಲಿ ಅರ್ಥಿಂದ ನ್ಯೂಟ್ರಲಿಗೆ ಒಂದು ಕೆಂಪು ತುಂಡು ವೈರ್ ಆಗಲೇ ಇದೆ. ಹೋದ ವರ್ಷ ಮಾವನೇ ಕಟ್ಟಿಕೊಟ್ಟ ಬಾಕ್ಸ್ ಅದು. ಪಂಪ್ ಓಡುವಾಗ ನೀರು ಬಿಸಿ ಆಯ್ತಾ ಅಂತ ಬಕೆಟ್‌ಗೆ ಬೆರಳು ಹಾಕಿ ನೋಡ್ತಾ ಇದ್ದೆ, ದಿನಾ.

ಟೆಕ್ನಿಷಿಯನ್: ಆ ತುಂಡು ವೈರ್ ಈಗಲೇ ಕತ್ತರಿಸಿ. ಮಾವ ಅಂಥ ಬಾಕ್ಸ್ ಇನ್ನೆಷ್ಟು ಕಟ್ಟಿದ್ದಾರೆ?

ಚಿತ್ರದುರ್ಗದ ಸದಸ್ಯ: ಕತ್ತರಿಸಿದೆ. ಇನ್ನೊಂದು ಅಮ್ಮನ ವಾಷಿಂಗ್ ಮಷಿನ್ ಹತ್ತಿರ ಇದೆ.

ಟೆಕ್ನಿಷಿಯನ್: ಹೋಗಿ. ಆಮೇಲೆ ಬರೆಯಿರಿ.